ಬಣ್ಣದ ಹಂಡೆಯ ಮುಂದಿನ ಮಾತು

ಬಾಗಲಕೋಟೆಯಲ್ಲಿ ರೈಲು ಹತ್ತಿದಾಗಿನಿಂದ ಎದುರಿನ ಹಲಗೆಯ ಮೇಲೆ ಕೂತ ಹಿರಿಯರೊಬ್ಬರು ನನ್ನನ್ನು ವಿಚಾರಿಸುತ್ತಲೇ ಇದ್ದರು. ಹೆಸರಾಯಿತು, ಮಕ್ಕಳಾದರು, ಮೊಮ್ಮಕ್ಕಳಾದರು, ಹಲ್ಲು ಯಾವಾಗ ಉದುರಿದವು ಎಂಬುದೂ ಆಯಿತು. ಕೊನೆಗೆ ಊರು ಕೇಳಿದರು. ಇಳಕಲ್ಲು ಎಂದೆ.

“ಅದು ಈಗಿನ ಮಾತಾತು. ಮೂಲ ಯಾವೂರ್ರಿ ನಿಮ್ದು?”

“ಮೂಲಾನೂ ಇಳಕಲ್ಲೇ ರೀ.”

ಅವರ ಮುಖ ಉಪ್ಪಿಲ್ಲದ ಸಾರು ಉಂಡವರ ಹಾಗಾಯಿತು. ಇಂಥ ಬಡಪಾಯಿಯ ಜೊತೆ ಇಷ್ಟು ಹೊತ್ತು ಮಾತು ಖರ್ಚು ಮಾಡಿದೆನಲ್ಲ ಎಂದುಕೊಂಡರೋ ಏನೋ. ಆಮೇಲೆ ತಮ್ಮ ವಂಶದವರು ಗೋವೆಯ ಕಡೆಯಿಂದ ದೇವರ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು, ಘಟ್ಟ ಹತ್ತಿ ಬಂದ ಕಥೆ ತೆಗೆದರು. ಬಾದಾಮಿ ಬಂದು ಹೋಯಿತು, ಅವರ ಪೂರ್ವಿಕರು ಇನ್ನೂ ಘಟ್ಟದಲ್ಲೇ ಇದ್ದರು. ನಾನು ಹೂಂಗುಡುತ್ತಿದ್ದೆ. ಹೊಟ್ಟೆಯೊಳಗೆ ಮಾತ್ರ ಹಳೆಯ ಉರಿ ಮೆಲ್ಲಗೆ ಎದ್ದು ಕೂತಿತ್ತು.

ಹೊಟ್ಟೆಕಿಚ್ಚು ಯಾರಿಗಿಲ್ಲ ಹೇಳಿ. ಒಬ್ಬರಿಗೆ ಪಕ್ಕದವನ ಎಮ್ಮೆಯ ಮೇಲೆ, ಒಬ್ಬರಿಗೆ ಓರಗಿತ್ತಿಯ ಬುಗುಡಿಯ ಮೇಲೆ. ನನ್ನದು ಸ್ವಲ್ಪ ವಿಚಿತ್ರ ಜಾತಿಯದು. ಎಲ್ಲಿಂದಲೋ ಬಂದವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಾವು ಎಲ್ಲಿಂದಲೂ ಬಂದವರಲ್ಲ, ಎಲ್ಲಿಗೂ ಹೋದವರಲ್ಲ. ಬೇವಿನ ಗಿಡ ನಿಂತ ಹಾಗೆ ನಿಂತವರು. ಈ ರೋಗ ನನಗೆ ಅಂಟಿದ್ದು ಇಪ್ಪತ್ತರ ವಯಸ್ಸಿನಲ್ಲಿ, ಅದೂ ಒಂದು ಪುಸ್ತಕದಿಂದ. ಪುಸ್ತಕ ಓದಿದರೆ ಮನುಷ್ಯ ದೊಡ್ಡವನಾಗುತ್ತಾನೆ ಎನ್ನುವವರು ನನ್ನನ್ನೊಮ್ಮೆ ನೋಡಬೇಕು.

ನಮ್ಮೂರಲ್ಲಿ ಆಗ ಹೊಸದಾಗಿ ಒಂದು ವಾಚನಾಲಯ ಆಗಿತ್ತು. ದೊಡ್ಡದೇನಲ್ಲ. ನೂಲಿನ ವ್ಯಾಪಾರದ ಮೌಲಾಸಾಹೇಬರು ತಮ್ಮ ಅಂಗಡಿಯ ಮೇಲಿನ ಅಟ್ಟವನ್ನು ಬಿಟ್ಟುಕೊಟ್ಟಿದ್ದರು. ಒಂದು ಕಪಾಟು, ಎರಡು ಜಮಖಾನೆ, ಮೂಲೆಯಲ್ಲಿ ನೂಲಿನ ಗಂಟುಗಳು. ಪುಸ್ತಕಗಳು ರೈಲಿನಲ್ಲಿ ಬಾಗಲಕೋಟೆಗೆ ಬಂದು, ಅಲ್ಲಿಂದ ಚಕ್ಕಡಿಯಲ್ಲಿ ಹುನಗುಂದ ದಾಟಿ, ಮೈಕೈ ನುಗ್ಗಾಗಿ ನಮ್ಮೂರು ಮುಟ್ಟುತ್ತಿದ್ದವು. ನೇಕಾರರ ಊರು. ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವ ಹಾಗಿಲ್ಲ. ಊರ ತುಂಬ ಮಗ್ಗಗಳ ಲಟಪಟ ನಿಂತು, ಕಿವಿಗೆ ಏನೋ ಕಳೆದುಹೋದಂತಾಗುವ ದಿನ ಅದು. ಆ ದಿನ ಮಧ್ಯಾಹ್ನ ಎಲ್ಲರೂ ಅಟ್ಟಕ್ಕೆ ಬರುತ್ತಿದ್ದರು. ಒಬ್ಬ ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು, ಆಮೇಲೆ ಚರ್ಚೆ. ಚರ್ಚೆ ಎನ್ನುವುದು ವಾಚನಾಲಯ ನಡೆಸುತ್ತಿದ್ದ, ಸಾಲಿಯ ಶೇಷಗಿರಿ ಮಾಸ್ತರರು ಇಟ್ಟ ಹೆಸರು. ಕೆಳಗೆ ರಸ್ತೆಯಲ್ಲಿ ಹೋಗುವವರಿಗೆ ಅದು ಜಗಳವೆಂದೇ ಕೇಳುತ್ತಿತ್ತು.

ಆ ಓದುವವನ ಮಣೆಯ ಮೇಲೆ ನನ್ನ ಕಣ್ಣು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು. ಕಂಠ ಚೆನ್ನಾಗಿತ್ತು ಎಂದು ನನ್ನ ಅಭಿಪ್ರಾಯ. ಓದುವ ಮೊದಲು ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವುದನ್ನಂತೂ ಭಾರಿ ಗತ್ತಿನಿಂದ ಮಾಡುತ್ತಿದ್ದೆ. ಆದರೆ ಮಾಸ್ತರರು ಮಣೆ ಕೊಟ್ಟದ್ದು ತುಳಜಾಸಾನಿಗೆ.

ತುಳಜಾಸಾ ಪಟ್ಟೇಗಾರರವನು, ನನ್ನ ವಾರಿಗೆಯವನು. ಅವರ ಮನೆತನದ ಕಸುಬು ರೇಷ್ಮೆಗೆ ಬಣ್ಣ ಹಾಕುವುದು. ನಮ್ಮ ಸೀರೆಯ ಸೆರಗಿಗೆ ಬೇಕಾದ ಕೆಂಪು ರೇಷ್ಮೆ ಅವರ ಮನೆಯ ಹಂಡೆಯಿಂದಲೇ ಬರಬೇಕು. ಯಾವುದೋ ಕಾಲದಲ್ಲಿ ಬಡಗಣ ಸೀಮೆಯಿಂದ ಬಂದವರಂತೆ. ಮನೆಯೊಳಗೆ ಅವರದೇ ಬೇರೆ ಮಾತು, ಹೊರಗೆ ಕನ್ನಡ. ಆ ಹೊರಗಿನ ಕನ್ನಡವನ್ನು ಅವನು ಓದುತ್ತಿದ್ದರೆ, ಕನ್ನಡದೊಳಗೇ ಹುಟ್ಟಿದ ನನ್ನಂಥವನು ತಲೆ ತಗ್ಗಿಸಬೇಕಿತ್ತು. ಒಂದೊಂದು ಅಕ್ಷರವೂ ತೊಳೆದಿಟ್ಟ ತಾಮ್ರದ ಪಾತ್ರೆ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿದ್ದ, ಎಲ್ಲಿ ದನಿ ಇಳಿಸಬೇಕೋ ಅಲ್ಲಿ ಇಳಿಸುತ್ತಿದ್ದ. ನನ್ನ ಅಪ್ಪ, ಮಗ್ಗದ ಗುಂಡಿಯಿಂದ ಎದ್ದು ಸಂತೆಗೂ ಹೋಗದ ಮನುಷ್ಯ, ಅವನ ಓದು ಕೇಳಲು ಅಮಾವಾಸ್ಯೆ ತಪ್ಪಿಸುತ್ತಿರಲಿಲ್ಲ. ಒಮ್ಮೆ ಅಟ್ಟ ಇಳಿಯುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, “ಗುರಸಿದ್ದಾ, ನಮ್ಮ ಮಾತು ಅವನ ಬಾಯಾಗ ಎಷ್ಟು ಚಂದ ಕೇಳ್ತದಲ್ಲೋ” ಎಂದ. ಅಂದು ರಾತ್ರಿ ನನಗೆ ರೊಟ್ಟಿ ಸೇರಲಿಲ್ಲ.

ಆ ವರ್ಷ ಎಳ್ಳಮಾವಾಸ್ಯೆಯ ಹೊತ್ತಿಗೆ ಬಂದ ಪುಸ್ತಕ ನನ್ನ ಸುಖವನ್ನು ಪೂರ್ತಿ ಕೆಡಿಸಿತು. ಅದರ ಮೊದಲ ಹಾಳೆಗಳನ್ನು ಗೆದ್ದಲು ತಿಂದಿದ್ದರಿಂದ ಹೆಸರು ಯಾರಿಗೂ ಗೊತ್ತಿರಲಿಲ್ಲ. ನಾವು ‘ಮುದುಕಿ ಪುಸ್ತಕ’ ಎನ್ನುತ್ತಿದ್ದೆವು. ದೂರದ ದೇಶದಿಂದ ಹೊಟ್ಟೆಪಾಡಿಗೆ ದಕ್ಷಿಣಕ್ಕೆ ಬಂದು ನೆಲೆಸಿದ ಒಂದು ಕುಟುಂಬದ ಕಥೆ. ಮನೆಯ ಮುದುಕಿ ತಾವು ಬಿಟ್ಟು ಬಂದ ದೇಶದಿಂದ ತಂದ ದೇವರು, ತಂದ ಅಡಿಗೆ, ತಂದ ಮಾತು ಬಿಡಲೊಲ್ಲಳು. ಮೊಮ್ಮಗ, ತಾವು ಬಂದು ನೆಲೆಸಿದ ಊರಿನವನೇ ಆಗಬೇಕೆನ್ನುತ್ತಾನೆ. ಓದು ಮುಗಿದದ್ದೇ ತಡ ಅಟ್ಟ ಎರಡು ಭಾಗವಾಗುತ್ತಿತ್ತು. ಮುದುಕಿಯದು ಹಟ ಎಂದು ಕೆಲವರು, ಹಟವಲ್ಲ ಮರ್ಯಾದೆ ಎಂದು ಕೆಲವರು. ಮಾತು ಎಲ್ಲೇ ಹೋದರೂ ಕೊನೆಗೆ ಎಲ್ಲರ ಮುಖ ತುಳಜಾಸಾನ ಕಡೆಗೆ ತಿರುಗುತ್ತಿತ್ತು. ನಿಮ್ಮ ಮನೆಯಲ್ಲಿ ಹೇಗಪ್ಪಾ? ನಿಮ್ಮ ಹಿರಿಯರು ಬರುವಾಗ ನದಿ ಹೇಗೆ ದಾಟಿದರಪ್ಪಾ? ಅವನು ಹೇಳುತ್ತಿದ್ದ. ಅಂಬಾಭವಾನಿಯನ್ನು ರೇಷ್ಮೆಯ ಬುಟ್ಟಿಯೊಳಗೆ ಬಚ್ಚಿಟ್ಟು ತಂದದ್ದು, ದಾರಿಯಲ್ಲಿ ಹುಟ್ಟಿದ ಮಗುವಿಗೆ ದಾರಿಯದೇ ಹೆಸರಿಟ್ಟದ್ದು. ಜನ ಬಾಯಿ ತೆರೆದು ಕೇಳುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಕೇಳುತ್ತಿದ್ದೆ.

ನಮಗೂ ಅಂಥದ್ದೊಂದು ಕಥೆ ಇರಲೇಬೇಕು ಎಂದು ನನಗೆ ಹಟ ಹುಟ್ಟಿತು. ಹುನಗುಂದದಲ್ಲಿದ್ದ ಸೋದರತ್ತೆ ವಂಶದ ಸುದ್ದಿಯೆಲ್ಲ ಬಲ್ಲವಳು. ಬಿಸಿಲಲ್ಲಿ ಅಷ್ಟು ದೂರ ನಡೆದು ಹೋಗಿ, ಅವಳು ಕೊಟ್ಟ ಮಜ್ಜಿಗೆ ಕುಡಿದು, ನಮ್ಮವರು ಮೊದಲು ಎಲ್ಲಿದ್ದರು ಎಂದು ಕೇಳಿದೆ. ಅತ್ತೆ ಬಹಳ ಹೊತ್ತು ಯೋಚಿಸಿದಳು. ನಾನು ಮುಂದೆ ಸರಿದು ಕೂತೆ. ಕೊನೆಗೆ, ಹೌದು, ನಮ್ಮ ಮುತ್ಯಾನ ಮುತ್ಯಾ ಬೇರೆ ಕಡೆಯಿಂದ ಬಂದವನೇ ಎಂದಳು. ಎಲ್ಲಿಂದ ಎಂದೆ. ಹಿಂದಿನ ಓಣಿಯಿಂದ ಎಂದಳು. ತಗಣಿ ಕಾಟ ತಾಳಲಾರದೆ ಮುಂದಿನ ಓಣಿಗೆ ಬಂದನಂತೆ. ಹೀಗೆ ನಮ್ಮ ವಂಶದ ಮಹಾಪ್ರಯಾಣದ ಚರಿತ್ರೆ ಒಂದು ಓಣಿಯಲ್ಲಿ ಮುಗಿಯಿತು. ಗುಳೇದಗುಡ್ಡದ ನೆಂಟರನ್ನು ಕೇಳುವ ಧೈರ್ಯ ಆಮೇಲೆ ಉಳಿಯಲಿಲ್ಲ.

ಈಗ ಆ ಹಂಡೆಯ ಸಂಗತಿ ಹೇಳಬೇಕು. ತುಳಜಾಸಾನ ಅಜ್ಜಿ ಅಂಬಾಬಾಯಿಯ ಮನೆಯಲ್ಲಿ ಒಂದು ರಿವಾಜಿತ್ತು. ಬಣ್ಣದ ಹಂಡೆ ಒಲೆಯ ಮೇಲಿರುವಷ್ಟು ಹೊತ್ತು ಅಂಗಳದಲ್ಲಿ ಯಾರೂ ಕನ್ನಡ ಆಡಬಾರದು. ತಂದ ವಿದ್ಯೆ, ತಂದ ಮಾತಿನಲ್ಲೇ ನಡೆಯಬೇಕು. ಬೇರೆ ಮಾತು ಬಿದ್ದರೆ ಬಣ್ಣ ಹಿಡಿಯುವುದಿಲ್ಲ ಎಂದು ಮುದುಕಿಯ ನಂಬಿಕೆ. ಪೇಟೆಯಲ್ಲಿ ಡಬ್ಬಿಯ ಬಣ್ಣ ಬಂದಿತ್ತು, ಅದನ್ನು ಅವಳ ಮಕ್ಕಳು ಹಂಡೆಗೆ ಸುರಿಯುತ್ತಲೂ ಇದ್ದರು. ಆದರೂ ರಿವಾಜು ಬದಲಾಗಲಿಲ್ಲ. ರೇಷ್ಮೆಯ ಲಡಿ ಹಿಡಿದು ಬಂದ ಊರ ಜನ ಹಂಡೆ ಇಳಿಯುವವರೆಗೆ ಬಾಯಿಗೆ ಸೆರಗು, ರುಮಾಲು ಒತ್ತಿಕೊಂಡು ಮೂಕರ ಹಾಗೆ ಕೂತಿರುತ್ತಿದ್ದರು. ವಾದಕ್ಕೆ ಹೆಸರಾದ ಶೇಷಗಿರಿ ಮಾಸ್ತರರೂ ಒಮ್ಮೆ ಮಗಳ ಮದುವೆಯ ಸೀರೆಗೆಂದು ಬಂದು ಹಾಗೆ ಕೂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಪ್ಪನ ರೇಷ್ಮೆ ಒಯ್ಯುವ ಕೆಲಸ ನನ್ನದು. ಮೊದಲು ನಾನೂ ಮೂಕನಾಗಿಯೇ ಕೂರುತ್ತಿದ್ದೆ. ಹುನಗುಂದದಿಂದ ಬರಿಗೈಯಲ್ಲಿ ಬಂದ ಮೇಲೆ ಬುದ್ಧಿ ಬೇರೆ ಓಡಿತು. ಅವನು ನನ್ನ ಮಾತು ಕಲಿತು ನನ್ನ ಅಪ್ಪನನ್ನೇ ಒಲಿಸಿಕೊಂಡನಲ್ಲ, ಅವನ ಮಾತು ನಾನು ಯಾಕೆ ಕಲಿಯಬಾರದು? ಇದನ್ನು ಜ್ಞಾನದ ಹಸಿವು ಎಂದು ಯಾರೂ ತಿಳಿಯಬೇಡಿ. ಶುದ್ಧ ಹೊಟ್ಟೆಕಿಚ್ಚು. ಅಂಬಾಬಾಯಿಯ ತುಟಿಯನ್ನೇ ನೋಡುತ್ತ ಕೂತು ಒಂದೊಂದೇ ಶಬ್ದ ಹೆಕ್ಕಿದೆ. ಮೊದಲು ಬಂದದ್ದು ‘ಮೂರ್ಖ’ ಎನ್ನುವುದಕ್ಕೆ ಅವರು ಆಡುವ ಶಬ್ದ, ಅದು ಅಲ್ಲಿ ಹೆಚ್ಚು ಬಳಕೆಯಲ್ಲಿತ್ತು. ಆಮೇಲೆ ಬೆಂಕಿ, ನೀರು, ಕಡಿಮೆ ಮಾಡು, ತಿರುವು, ಮುಳುಗಿಸು, ಹಿಂಡು, ಹಿಡಿಯಿತು, ಹಿಡಿಯಲಿಲ್ಲ, ಮೊದಲಿನದು, ಮೇಲಿನದು. ಮುದುಕಿ ಮೊದಲ ಸಲ ನನ್ನ ಬಾಯಿಂದ ತನ್ನ ಮಾತು ಕೇಳಿದಾಗ ಹೊಟ್ಟೆ ಹಿಡಿದು ನಕ್ಕಳು. ನಕ್ಕಾದ ಮೇಲೆ ತಿದ್ದಿದಳು. ಮುಂದಿನ ವಾರ ಮತ್ತಷ್ಟು ಕಲಿಸಿದಳು. ನನ್ನ ಶಬ್ದಸಂಪತ್ತಿಯೆಲ್ಲ ಒಲೆ ಹಂಡೆಗಳದು. ಆ ಭಾಷೆಯಲ್ಲಿ ನಾನು ಬಣ್ಣ ಹಾಕಬಲ್ಲೆ, ಬೈಯಬಲ್ಲೆ. ಊಟವಾಯಿತೇ ಎಂದು ಕೇಳಲು ಬರುತ್ತಿರಲಿಲ್ಲ.

ನಾನು ಆ ಮಾತಿನ ಒಳಗೆ ಬರುತ್ತಿದ್ದಂತೆ ತುಳಜಾಸಾ ಅದರಿಂದ ಹೊರಗೆ ಹೊರಟಿದ್ದ. ಮಾಸ್ತರರು ಒಮ್ಮೆ ಮೆಚ್ಚುಗೆಯ ಭರದಲ್ಲಿ ಅವನಿಗೆ ಒಂದು ಮಾತು ಹೇಳಿದ್ದರು: ನಾಲಿಗೆಯ ಮೇಲೆ ಮನೆಯ ಮಾತು ಕೂತಿದ್ದರೆ ಪುಸ್ತಕದ ಮಾತು ಹಗುರಾಗಿ ಬರುವುದಿಲ್ಲ. ಅವನು ಅದನ್ನು ಗಂಟು ಹಾಕಿಕೊಂಡ. ಮನೆಯಲ್ಲೂ ಕನ್ನಡ ಶುರುಮಾಡಿದ. ಅಜ್ಜಿ ತನ್ನ ಮಾತಿನಲ್ಲಿ ಕೇಳಿದರೆ ಇವನು ಪುಸ್ತಕದ ಕನ್ನಡದಲ್ಲಿ ಉತ್ತರಿಸುವನು. ಸಂತೆಯಲ್ಲಿ ಬೆಲೆ ಇಳಿಸುವಷ್ಟೇ ಕನ್ನಡ ಬಲ್ಲ ಮುದುಕಿಗೆ ಅದು ತಲೆಬುಡ ತಿಳಿಯುತ್ತಿರಲಿಲ್ಲ. ಒಂದು ದಿನ ಹಂಡೆಯ ಮುಂದೆಯೂ ಕನ್ನಡ ಆಡಿದ. ಅಂದಿನ ರೇಷ್ಮೆ ಪಟ್ಟೆಪಟ್ಟೆಯಾಗಿ ಕೆಟ್ಟು ಬಂತು. ಅಂಬಾಬಾಯಿ ಅವನ ಕೈಯಿಂದ ತಿರುವುವ ಕೋಲು ಕಸಿದುಕೊಂಡು, ಸುತ್ತ ನೋಡಿ, ನನ್ನ ಕೈಗೆ ಕೊಟ್ಟಳು. ಅವನು ಪುಸ್ತಕ ಬಗಲಲ್ಲಿಟ್ಟುಕೊಂಡು ಹೋಗಿಯೇ ಬಿಟ್ಟ.

ಕೆಟ್ಟ ರೇಷ್ಮೆ ನಮ್ಮ ಮನೆಯದು. ಇನ್ನಾದರೂ ಅಪ್ಪ ಅವನನ್ನು ಬೈಯುತ್ತಾನೆಂದು ನಾನು ಓಡುತ್ತ ಬಂದು ಸುದ್ದಿ ಮುಟ್ಟಿಸಿದೆ. ಒಂದು ಎಳೆ ಹರಿದರೆ ನನ್ನ ಬೆನ್ನು ಮುರಿಯುವ ಅಪ್ಪ, ಲಡಿಯನ್ನು ಬೆಳಕಿಗೆ ಹಿಡಿದು ನೋಡಿ, “ಹೋಗ್ಲಿ ಬಿಡು. ಬಣ್ಣ ಕೆಟ್ರ ಮತ್ತ ಹಾಕಬಹುದು, ಆ ಹುಡುಗನ ಓದು ಕೆಡಬಾರ್ದು” ಎಂದ. ಈ ಮಾತು ಕೇಳಿದ ಮಗನ ಸ್ಥಿತಿಯನ್ನು ನೀವೇ ಊಹಿಸಿಕೊಳ್ಳಿ.

ಮುಂದಿನ ಅಮಾವಾಸ್ಯೆಯ ಚರ್ಚೆಯಲ್ಲಿ ತುಳಜಾಸಾ ಎಂದಿಲ್ಲದ ಕಾವಿನಿಂದ ಮಾತಾಡಿದ. ಮುದುಕಿಯದೇ ತಪ್ಪು ಎಂದ. “ಬಂದ ಊರಾಗ ಬೇರು ಬಿಡಬೇಕಂದ್ರ, ತಂದ ಮಣ್ಣು ಝಾಡಿಸಬೇಕಾಕ್ಕತಿ” ಎಂದ. ಮಾಸ್ತರರು ತೊಡೆ ತಟ್ಟಿದರು. ನನ್ನ ಅಪ್ಪ ತಲೆದೂಗಿದ. ಮೌಲಾಸಾಹೇಬರು ಮಾತ್ರ ಗಡ್ಡ ನೀವಿಕೊಳ್ಳುತ್ತ, “ನಮ್ಮ ಹಿರ್ಯಾರು ಬರೂವಾಗ ಏನ್ ಮಾತಾಡ್ತಿದ್ರೋ ಅಲ್ಲಾನ ಬಲ್ಲ. ಈಗ ನಮ್ದು ಸಂತ್ಯಾಗ ಕನ್ನಡ, ನಮಾಜಿನ್ಯಾಗ ಅರಬ್ಬಿ, ಹೇಂತಿ ಮುಂದ ಸುಮ್ನಿರೂದು” ಎಂದರು. ಎಲ್ಲರೂ ನಕ್ಕರು. ತುಳಜಾಸಾ ನಗಲಿಲ್ಲ.

ಅಟ್ಟದ ಸುದ್ದಿ ಬಾವಿಕಟ್ಟೆಗೆ ಇಳಿಯಲು ಎಷ್ಟು ಹೊತ್ತು ಬೇಕು? ನಿನ್ನಂಥ ಮುದುಕಿಯ ಕಥೆ ಓದುತ್ತಿದ್ದಾರಂತೆ, ನಿನ್ನ ಮೊಮ್ಮಗ ಅವಳನ್ನು ಬೈದನಂತೆ ಎಂದು ಹೆಂಗಸರು ಅಂಬಾಬಾಯಿಗೆ ಹೇಳಿದ್ದಾರೆ. ಆ ಮುದುಕಿಗೆ ಕೊನೆಗೆ ಏನಾಯಿತು, ನಾನೂ ಕೇಳಬೇಕು ಎಂದು ಅವಳು ಹಂಡೆಯ ಮುಂದೆ ನನ್ನ ಕಿವಿಗೆ ಹಾಕಿದಳು. ನಾನು ಮಾಸ್ತರರಿಗೆ ತಿಳಿಸಿದೆ. ಅವರು ಹಿಗ್ಗಿದರು. ಕೊನೆಯ ಅಧ್ಯಾಯವನ್ನು ಮಣ್ಣೆತ್ತಿನ ಅಮಾವಾಸ್ಯೆಗೆ ಪಟ್ಟೇಗಾರರ ಅಂಗಳದಲ್ಲೇ ಓದೋಣ, ಅಟ್ಟ ಹತ್ತಲಾರದ ಹೆಂಗಸರೂ ಕೇಳಲಿ ಎಂದು ಸಾರಿಬಿಟ್ಟರು. ಅಜ್ಜಿಗೆ ಅದೆಲ್ಲ ತಿಳಿಯುವುದಿಲ್ಲ ಎಂದು ತುಳಜಾಸಾ ಗೊಣಗಿದ. ಮಾಸ್ತರರ ಮುಂದೆ ಅವನ ಗೊಣಗು ನಡೆಯಲಿಲ್ಲ.

ಆ ಅಧ್ಯಾಯ ನನಗೆ ಬಾಯಿಪಾಠವಾಗಿತ್ತು. ಅವನ ಗಂಟಲು ಕಟ್ಟಲಿ, ಓದು ನನ್ನ ಪಾಲಿಗೆ ಬರಲಿ ಎಂಬ ಆಸೆಯಿಂದ, ಪುಸ್ತಕವನ್ನು ಮನೆಗೆ ತಂದು ಮಗ್ಗದ ಗುಂಡಿಯಲ್ಲಿ ಕೂತು ಗಟ್ಟಿಯಾಗಿ ಓದಿ ಓದಿ ತಯಾರಾಗಿದ್ದೆ. ಅವನ ಗಂಟಲಿಗೆ ಏನೂ ಆಗಲಿಲ್ಲ. ಅಮಾವಾಸ್ಯೆಯ ದಿನ ಹೊಸ ರುಮಾಲು ಸುತ್ತಿಕೊಂಡು, ಪುಸ್ತಕ ಹಿಡಿದು, ಅವನು ಎಲ್ಲರ ಮುಂದೆ ನಡೆದ. ಹಿಂದೆ ಮಾಸ್ತರರು, ಮೌಲಾಸಾಹೇಬರು, ನನ್ನ ಅಪ್ಪ, ಅಟ್ಟದ ಮಂದಿಯೆಲ್ಲ.

ಅಂಗಳಕ್ಕೆ ಕಾಲಿಟ್ಟವರು ಹಾಗೇ ನಿಂತರು. ಒಲೆ ಉರಿಯುತ್ತಿತ್ತು. ಮೇಲೆ ಹಂಡೆ ಇತ್ತು.

ಅಮಾವಾಸ್ಯೆಯ ದಿನ ಹಂಡೆ ಏರಿದ್ದನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಕೇಳೋಣವೆಂದರೆ ಕನ್ನಡ ಆಡುವ ಹಾಗಿಲ್ಲ. ಮಾಸ್ತರರು ತೆರೆದ ಬಾಯಿ ಮುಚ್ಚಿದರು. ಅಂಬಾಬಾಯಿ ಎಲ್ಲರಿಗೂ ಕೈಯಿಂದಲೇ ಚಾಪೆ ತೋರಿಸಿದಳು. ಊರಿನ ವಾದಿಗಳೆಲ್ಲ ಬಾಯಿಗೆ ರುಮಾಲು ಒತ್ತಿ ಕೂತರು. ತುಳಜಾಸಾ ಪುಸ್ತಕ ತೆರೆದು ಹಿಡಿದುಕೊಂಡು ನಡುವೆ ನಿಂತೇ ಇದ್ದ. ಅಜ್ಜಿ ಅವನ ಕಡೆ ನೋಡದೆ ನನಗೆ ಕೋಲು ಚಾಚಿದಳು. ತಿರುವಲು ಬಗ್ಗಿದೆ. ಹಂಡೆಯಲ್ಲಿ ಬಣ್ಣವಿರಲಿಲ್ಲ, ರೇಷ್ಮೆ ಇರಲಿಲ್ಲ. ಬರೀ ನೀರು ಕುದಿಯುತ್ತಿತ್ತು.

ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ತನ್ನ ಮಾತಿನಲ್ಲಿ, ಕಥೆ ನೀನು ಹೇಳು ಎಂದಳು.

ಹೇಳಿದೆ. ನನ್ನಲ್ಲಿದ್ದ ಹಂಡೆಯ ಮಾತುಗಳಲ್ಲೇ ಹೇಳಿದೆ. ಪುಸ್ತಕದಲ್ಲಿ ಮುದುಕಿ ಕೊನೆಗೆ ಊರಿನವರ ಹಾಗೆ ಉಟ್ಟು, ಊರಿನವರ ಅಡಿಗೆ ಕಲಿತು, ಊರಿನ ಮಾತು ಆಡಿ, ಎಲ್ಲರಿಗೂ ಬೇಕಾದವಳಾಗುತ್ತಾಳೆ. ಅದನ್ನು ಬರೆದವರು ಹತ್ತು ಪುಟ ತುಂಬ ಸೊಗಸಾಗಿ ಬರೆದಿದ್ದರು. ನನ್ನ ಬಾಯಲ್ಲಿ ಅದು ಇಷ್ಟಾಯಿತು: ಮುದುಕಿ ಇದ್ದಳು. ಮುಳುಗಲೊಲ್ಲೆ ಎಂದಳು. ಬೆಂಕಿ ಹೆಚ್ಚು ಮಾಡಿದರು. ಮುಳುಗಿಸಿದರು. ತಿರುವಿದರು. ಬಣ್ಣ ಹಿಡಿಯಿತು. ಹಿಂಡಿ ಒಣಗಿಸಿದರು. ಎಲ್ಲರೂ ಚಂದ ಎಂದರು.

ಅವರ ಮನೆಯಲ್ಲಿ ಕೆಂಪು ಗಾಢವಾಗಲೆಂದು ರೇಷ್ಮೆಗೆ ಮೊದಲು ಹಳದಿ ಹಾಕಿ, ಅದರ ಮೇಲೆ ಕೆಂಪು ಹಾಕುತ್ತಿದ್ದರು. ಮುದುಕಿ ಅದನ್ನೇ ಕೇಳಿದಳು. ಮೇಲಿನದು ಹಿಡಿಯಿತು, ಸರಿ. ಮೊದಲಿನದು ಏನಾಯಿತು?

ನಾನು ತುಳಜಾಸಾನನ್ನು ನೋಡಿದೆ. ಅವನು ಪುಸ್ತಕ ಮುಚ್ಚಿದ. ಎಷ್ಟೋ ತಿಂಗಳ ಮೇಲೆ ಅವನು ತನ್ನ ಮನೆಯ ಮಾತಿಗೆ ಬಾಯಿ ತೆರೆದ. ಅದು ಹೋಗಿಲ್ಲ, ಕೆಳಗಿದೆ ಎಂದ. ಅಷ್ಟನ್ನು ಹೇಳಲು ನಡುವೆ ತಡವರಿಸಿದ, ಒಂದು ಶಬ್ದ ಸಿಗದೆ ನಿಂತ, ಹೇಗೋ ಮುಗಿಸಿದ. ಓದುವಾಗ ಒಂದು ಒತ್ತಕ್ಷರವನ್ನೂ ಜಾರಿಸದವನು ಅವನು.

ಅಂಬಾಬಾಯಿ ನನ್ನ ಕಡೆ ತಿರುಗಿದಳು. ಮೊಮ್ಮಗನತ್ತ ಕೈ ತೋರಿಸಿ, ಈ ಕನ್ನಡದವನು ಏನು ಹೇಳುತ್ತಾನೆ ಎಂದು ಕೇಳಿದಳು.

ಅವಳಿಗೆ ತಿಳಿದಿರಲಿಲ್ಲವೆಂದು ನಾನು ಇಂದಿಗೂ ನಂಬುವುದಿಲ್ಲ. ನಾನು ಅವನ ಮಾತನ್ನೇ ತಿದ್ದಿ, ಸರಿಮಾಡಿ ಹೇಳಿದೆ. ಮುದುಕಿ ತಲೆಯಾಡಿಸಿ ನನ್ನ ಗಲ್ಲ ಸವರಿ ತನ್ನ ಹಣೆಗೆ ಬೆರಳು ಮುರಿದು ನೆಟಿಗೆ ತೆಗೆದಳು. ಆಗ ತುಳಜಾಸಾನ ಮುಖ ನೋಡಿದೆ. ತುಟಿ ಬಿಗಿದು, ಕಣ್ಣು ಸಣ್ಣಗಾಗಿ, ಮೂಗಿನ ತುದಿ ಕೆಂಪೇರಿತ್ತು. ಆ ಮುಖದ ಗುರುತು ನನಗೆ ಚೆನ್ನಾಗಿತ್ತು, ವರ್ಷವಿಡೀ ನಾನು ಹೊತ್ತು ತಿರುಗಿದ್ದು ಅದನ್ನೇ. ನನಗಾದ ಸಂತೋಷವನ್ನು ಏನು ಹೇಳಲಿ! ನನ್ನ ಮದುವೆಯ ದಿನವೂ ಅಷ್ಟು ಆಗಲಿಲ್ಲ. ಅದನ್ನು ನನ್ನ ಹೆಂಡತಿಗೂ ಹೇಳಿದ್ದೇನೆ.

ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಅವನು ನೆಟ್ಟಗೆ ಬಂದು ಪುಸ್ತಕವನ್ನು ನನ್ನ ಎದೆಗೆ ಒತ್ತಿ, ಕೋಲನ್ನು ನನ್ನ ಕೈಯಿಂದ ಕಿತ್ತುಕೊಂಡ. ನನ್ನನ್ನು ಭುಜದಿಂದ ತಳ್ಳಿ ಒಲೆಯ ಮುಂದೆ ಕೂತು ಬರಿಯ ನೀರನ್ನು ತಿರುವತೊಡಗಿದ. ಅಜ್ಜಿಗೆ ಏನೋ ಹೇಳಿದ. ಅವಳು ಗದರಿ ಒಂದು ಶಬ್ದ ತಿದ್ದಿದಳು. ಅವನು ಅದನ್ನು ಮತ್ತೊಮ್ಮೆ ಹೇಳಿದ. ಅವಳು ಮತ್ತೆ ತಿದ್ದಿದಳು. ಆಮೇಲೆ ಅವರಿಬ್ಬರೂ ಆಡಿದ್ದು ಹಂಡೆಯ ಮಾತಲ್ಲ, ನನಗೆ ಒಂದಕ್ಷರವೂ ತಿಳಿಯಲಿಲ್ಲ.

ಮಾಸ್ತರರು ನನ್ನ ತೋಳು ಮುಟ್ಟಿ, ಮುಂದಿನ ಅಮಾವಾಸ್ಯೆಯಿಂದ ಮಣೆ ನನ್ನದೆಂದು ಕೈಸನ್ನೆಯಲ್ಲೇ ತಿಳಿಸಿದರು. ಅಪ್ಪ ನನ್ನ ಕಡೆ ನೋಡಿ ನಗುತ್ತಿದ್ದ. ಪುಸ್ತಕ ನನ್ನ ಕೈಯಲ್ಲಿತ್ತು. ನಾನು ಮಾತ್ರ ತುಳಜಾಸಾನ ಕೈಯಲ್ಲಿದ್ದ ಆ ಕೋಲನ್ನೇ ನೋಡುತ್ತ ನಿಂತಿದ್ದೆ, ಹೊಟ್ಟೆ ಉರಿಯುತ್ತಿತ್ತು.